ಬಟನ್ ಒಳಗೆ ಕತ್ತರಿಸಿಹೋದ ಒತ್ತಕ್ಷರ

ನಮಸ್ಕಾರ. ಇವತ್ತು ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ನಾಲ್ಕು ವರ್ಷ ನಾನು ಒಂದು ಓಪನ್ ಸೋರ್ಸ್ ಕಾಂಪೊನೆಂಟ್ ಲೈಬ್ರರಿಯನ್ನು ಪುಕ್ಕಟೆ ಬಳಸಿದೆ. ಅಂದರೆ ಸ್ಕ್ರೀನ್‌ನ ಬಿಡಿಭಾಗಗಳನ್ನು ಯಾರೋ ಮೊದಲೇ ಮಾಡಿ, ಕೋಡ್ ಎಲ್ಲರಿಗೂ ತೆರೆದಿಟ್ಟ ಸಂಗ್ರಹ. ಬಟನ್, ಡ್ರಾಪ್‌ಡೌನ್, ಡೇಟ್ ಪಿಕ್ಕರ್, ಎಲ್ಲ ಅಲ್ಲಿಂದಲೇ. ವಾಪಸ್ ಕೊಟ್ಟದ್ದು ಸೊನ್ನೆ.

ಒಂದು ದಿನ ಕನ್ನಡದ ಸ್ಕ್ರೀನ್ ಮಾಡುವಾಗ 'ರದ್ದು' ಅಂತ ಬಟನ್ ಇಟ್ಟೆ. ಕೆಳಗಿನ ದ ಒತ್ತು ಅರ್ಧಕ್ಕೇ ಕತ್ತರಿಸಿಹೋಗಿತ್ತು. ಲೈಬ್ರರಿಯಲ್ಲಿ ಲೈನ್ ಹೈಟ್ 1, ಅಂದರೆ ಸಾಲಿನ ಎತ್ತರ ಅಕ್ಷರದ ಗಾತ್ರದಷ್ಟೇ. ಜೊತೆಗೆ ಓವರ್‌ಫ್ಲೋ ಹಿಡನ್, ಅಂದರೆ ಚೌಕಟ್ಟಿನಾಚೆ ಹೋದದ್ದು ಕಾಣದು. ಇಂಗ್ಲಿಷ್ ಅಕ್ಷರಗಳಿಗೆ ಅಷ್ಟು ಜಾಗ ಸಾಕು. ನಮ್ಮ ಒತ್ತು ಇಳಿಯುವುದು ಅದಕ್ಕಿಂತ ಕೆಳಕ್ಕೆ. ನಾನೇನು ಮಾಡಿದೆ? ಎಲ್ಲರೂ ಮಾಡುವುದನ್ನೇ. ಅವರ ಕೋಡ್ ಒಳಗೆ ಬಟನ್‌ಗೆ ಇಟ್ಟಿದ್ದ ಗುರುತು, ಅಂದರೆ ಕ್ಲಾಸ್ ಹೆಸರು ಹುಡುಕಿ, ಪುಟದ ರೂಪ ಹೇಳುವ ನನ್ನ ಸಿಎಸ್‌ಎಸ್ ಕೋಡ್‌ನಲ್ಲಿ ಅವರ ನಿಯಮವನ್ನು ಮೀರಿಸುವ 'ಇಂಪಾರ್ಟೆಂಟ್' ಹಾಕಿ ತೇಪೆ ಹಚ್ಚಿದೆ.

ಮುಂದಿನ ಚಿಕ್ಕ ಅಪ್‌ಡೇಟ್‌ಗೆ ಆ ಕ್ಲಾಸ್ ಹೆಸರೇ ಬದಲಾಯಿತು, ತೇಪೆ ಕಿತ್ತುಹೋಯಿತು. ಬೈದುಕೊಂಡೆ, ನಿಜ. ಆದರೆ ಅವರದ್ದೇನೂ ತಪ್ಪಿರಲಿಲ್ಲ. ದಾಖಲೆಯಲ್ಲಿ ಬರೆದಿರುವ ಪ್ರಾಪ್‌ಗಳನ್ನು, ಅಂದರೆ ಬಳಸುವವರು ಬದಲಿಸಬಹುದಾದ ಆಯ್ಕೆಗಳನ್ನು, ಮುಂದಿನ ದೊಡ್ಡ (ಮೇಜರ್) ವರ್ಷನ್ ಬರುವ ತನಕ ಮುರಿಯುವುದಿಲ್ಲ, ಅವರು ಕೊಟ್ಟ ಮಾತು ಅಷ್ಟೇ. ಒಳಗಿನ ಕ್ಲಾಸ್ ಹೆಸರಿಗೆ ಕೈ ಹಾಕಿದ್ದು ನಾನು.

ಲೈಬ್ರರಿ ಅಂದರೆ ಬಣ್ಣ, ದುಂಡು ಮೂಲೆ ಅಂದುಕೊಂಡವರು ಜಾಸ್ತಿ. ಒಂದು ಡೈಲಾಗ್ ಬಾಕ್ಸ್ ತಗೊಳ್ಳಿ. ತೆರೆದ ತಕ್ಷಣ ಫೋಕಸ್, ಅಂದರೆ ಕೀಬೋರ್ಡ್ ಒತ್ತಿದ್ದು ತಲುಪುವ ಜಾಗ, ಅದರೊಳಗೆ ಹೋಗಬೇಕು. ಟ್ಯಾಬ್ ಒತ್ತುತ್ತಾ ಹೋದರೆ ಹಿಂದಿನ ಪುಟಕ್ಕೆ ಜಾರಬಾರದು. ಎಸ್ಕೇಪ್ ಒತ್ತಿದರೆ ಮುಚ್ಚಬೇಕು. ಮುಚ್ಚಿದ ಮೇಲೆ ಫೋಕಸ್ ಅದನ್ನು ತೆರೆದ ಬಟನ್‌ಗೇ ಮರಳಬೇಕು. ಕಣ್ಣು ಕಾಣದವರ ಸ್ಕ್ರೀನ್ ರೀಡರ್‌ಗೆ ಇದೊಂದು ಡೈಲಾಗ್ ಅಂತ ಗೊತ್ತಾಗಬೇಕು. ಇದನ್ನೆಲ್ಲ ಯಾರೋ ಕೂತು ಮಾಡಿದ್ದಾರೆ, ಅಲ್ವಾ? ನಮ್ಮಲ್ಲಿ ಎಷ್ಟು ಜನ ಮೌಸ್ ಬಿಟ್ಟು ಒಮ್ಮೆಯಾದರೂ ಅದನ್ನು ಪರೀಕ್ಷಿಸಿದ್ದೇವೆ?

ಹಾಗಂತ ಕಣ್ಣು ಮುಚ್ಚಿ ನಂಬಿ ಅನ್ನುತ್ತಿಲ್ಲ. 2018ರ ಡಿಸೆಂಬರ್ 25ರಂದು ಆಂಟ್ ಡಿಸೈನ್ ಅನ್ನುವ ಇಂಥದ್ದೇ ಲೈಬ್ರರಿ ಬಳಸುತ್ತಿದ್ದ ಎಷ್ಟೋ ಸೈಟ್‌ಗಳ ಬಟನ್ ಮೇಲೆ ಇದ್ದಕ್ಕಿದ್ದಂತೆ ಹಿಮ ಕೂತಿತು. ತಿಂಗಳುಗಳ ಮುಂಚೆಯೇ ಕೋಡ್‌ನಲ್ಲಿ ಅಡಗಿಸಿಟ್ಟಿದ್ದ ಕ್ರಿಸ್‌ಮಸ್ ತಮಾಷೆ ಅದು. ಕೋಡ್ ಎಲ್ಲರಿಗೂ ತೆರೆದೇ ಇತ್ತು, ಓದುವವರು ಬೇಕಿತ್ತು. ಇಂಥ ಎಷ್ಟೋ ಲೈಬ್ರರಿಗಳ ಬಳಕೆಯ ಷರತ್ತು ಹೇಳುವ ಎಂಐಟಿ ಲೈಸೆನ್ಸ್ ಕೂಡ 'ಇದ್ದದ್ದು ಇದ್ದ ಹಾಗೆ, ಗ್ಯಾರಂಟಿ ಇಲ್ಲ' ಅಂತ ಮೊದಲೇ ಹೇಳಿಬಿಡುತ್ತದೆ. ಬಳಸುವವರೂ ಕಾವಲುಗಾರರೇ.

ಕೊನೆಗೂ ಆ ಒತ್ತಿನ ಬಗ್ಗೆ ಇಶ್ಯೂ, ಅಂದರೆ ಲೈಬ್ರರಿಯವರಿಗೆ ದೋಷದ ವರದಿ, ಬರೆದೆ. 'ಕನ್ನಡ ಸರಿ ಕಾಣುತ್ತಿಲ್ಲ' ಅಂತ ಸುಮ್ನೆ ಬರೆದರೆ ಯಾರಿಗೂ ಅರ್ಥವಾಗದು. ಬರೀ ಒಂದು ಬಟನ್ ಇರುವ ಪುಟ್ಟ ಡೆಮೊ ಮಾಡಿ, ಬ್ರೌಸರ್ ಮತ್ತು ಫಾಂಟ್ ಹೆಸರಿನ ಜೊತೆ ಕೊಟ್ಟೆ. ಅದರ ಹಿಂದೆಯೇ ಪುಲ್ ರಿಕ್ವೆಸ್ಟ್, ಅಂದರೆ ನಾನು ತಿದ್ದಿದ ಕೋಡ್ ಸೇರಿಸಿಕೊಳ್ಳಿ ಅನ್ನುವ ಕೋರಿಕೆ. 'ಎತ್ತರದ ಲಿಪಿ' ಅಂತ ಹೊಸ ಪ್ರಾಪ್ ಒಂದನ್ನು ಸೇರಿಸಿದ್ದೆ, ಜಾಣತನ ಅಂದುಕೊಂಡು. ಲೈಬ್ರರಿ ನೋಡಿಕೊಳ್ಳುವವರು ಬೇಡ ಅಂದರು. ಮೊದಲು ಸಿಟ್ಟು ಬಂತು. ಆಮೇಲೆ ಅವರ ಮಾತು ಸರಿ ಅನಿಸಿತು. ಒಂದು ಪ್ರಾಪ್ ಸೇರಿಸಿದರೆ ಅದನ್ನು ವರ್ಷಗಟ್ಟಲೆ ಸಾಕಬೇಕಾದವರು ಅವರು, ನಾನಲ್ಲ. ಥಾಯ್, ದೇವನಾಗರಿ ಬರೆಯುವವರು ಆ ಪ್ರಾಪ್ ಇದೆ ಅಂತ ಗೊತ್ತಿಲ್ಲದೆ ಅದೇ ಕಷ್ಟ ಪಡುತ್ತಿದ್ದರು. ಯಾರೂ ಏನೂ ಆರಿಸದಿದ್ದಾಗ ತಾನಾಗಿ ಬರುವ ಡೀಫಾಲ್ಟನ್ನೇ ತಿದ್ದಬೇಕಿತ್ತು.

ತಿದ್ದಿದೆ. ಬದಲಾವಣೆ ಎರಡೇ ಸಾಲು. ಆದರೆ ಚಿಕ್ಕ ಬಟನ್, ದೊಡ್ಡ ಬಟನ್, ಐಕಾನ್ ಇರುವ ಬಟನ್, ಬಲದಿಂದ ಎಡಕ್ಕೆ ಓದುವ ಲಿಪಿ, ಎಲ್ಲದರ ಸ್ಕ್ರೀನ್‌ಶಾಟ್ ಟೆಸ್ಟ್ ಮತ್ತೆ ನೋಡಬೇಕಾಯಿತು. ಮೂರು ವಾರ ಹಿಡಿಯಿತು. ಎರಡು ಸಾಲಿಗೆ ಮೂರು ವಾರವಾ ಅಂತ ನೀವು ನಗಬಹುದು. ಆ ಎರಡು ಸಾಲು ಎಷ್ಟು ಪುಟಗಳಲ್ಲಿ ಓಡುತ್ತದೆ ಅಂತ ಯೋಚಿಸಿದರೆ ನನಗಂತೂ ಇನ್ನೂ ಕೈ ನಡುಗುತ್ತದೆ.

ಹೊಸ ವರ್ಷನ್ ಬಂದ ದಿನ ನನ್ನ ಹಳೇ ತೇಪೆಗಳನ್ನೆಲ್ಲ ಅಳಿಸಿದೆ. ಸ್ಕ್ರೀನ್ ತೆರೆದು ನೋಡಿದೆ. ದ ಒತ್ತು ಪೂರ್ತಿ ಕಾಣುತ್ತಿತ್ತು. ಪಕ್ಕದ ಡ್ರಾಪ್‌ಡೌನ್‌ನಲ್ಲಿ ಮಾತ್ರ ಅದೇ ಗೋಳು. ಅದಕ್ಕೂ ಇಶ್ಯೂ ಹಾಕಿದ್ದೇನೆ, ಯಾರಾದರೂ ಕೈಗೆತ್ತಿಕೊಳ್ಳುವುದಾದರೆ ಡೆಮೊ ರೆಡಿ ಇದೆ.