ಅರ್ಜಿಗಿಂತ ಮೊದಲು ಹೆಸರು ನೋಡಿ

ಕೇಳುಗರಿಗೆ ನಮಸ್ಕಾರ.

ಪೂರ್ತಿ ಖರ್ಚು ಕೊಡುವ ವಿದ್ಯಾರ್ಥಿವೇತನ ಪಡೆದು ಹೊರದೇಶದಲ್ಲಿ ಸ್ನಾತಕೋತ್ತರ ಓದಬೇಕು ಅಂತ ಹೊರಡುವ ನಮ್ಮ ಮಲೆನಾಡಿನ ಹುಡುಗ ಹುಡುಗಿಯರು ಮೊದಲು ಕೈಗೆತ್ತಿಕೊಳ್ಳುವುದು ಐಇಎಲ್‌ಟಿಎಸ್ ಎನ್ನುವ ಇಂಗ್ಲಿಷ್ ಪರೀಕ್ಷೆಯ ಪುಸ್ತಕವನ್ನು. ಅದಕ್ಕೆ ಅವಸರವಿಲ್ಲ. ಎಸ್ಎಸ್ಎಲ್‌ಸಿ ಅಂಕಪಟ್ಟಿ, ಪದವಿಯ ಅಂಕಪಟ್ಟಿ, ಆಧಾರ್, ಪಾಸ್‌ಪೋರ್ಟ್ ಈ ನಾಲ್ಕನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು, ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಓದಿ.

ನಮ್ಮ ಕಡೆ ಹೆಸರಿನ ಮುಂದೆಯೋ ಹಿಂದೆಯೋ ಇನಿಷಿಯಲ್ ಇರುತ್ತದೆ. ಒಂದು ಅಕ್ಷರ ಊರಿನದು, ಇನ್ನೊಂದು ಅಪ್ಪನದು. ಅಂಕಪಟ್ಟಿಯಲ್ಲಿ ‘ಸುಮಾ ಎಚ್.ಆರ್.’ ಅಂತ ಇದೆ ಅನ್ನಿ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಹಾಗಾಗಿ ಅಲ್ಲಿ ‘ಸುಮಾ ಹೊಸಕೊಪ್ಪ ರಾಮಪ್ಪ’ ಆಗುತ್ತದೆ. ಬ್ಯಾಂಕಿನವರು ಬರೀ ‘ಸುಮಾ ಆರ್.’ ಅಂತ ಬರೆದುಕೊಂಡಿರುತ್ತಾರೆ. ಊರಲ್ಲಿ ಮೂವರೂ ಒಬ್ಬಳೇ ಅಂತ ಎಲ್ಲರಿಗೂ ಗೊತ್ತು. ಲಂಡನ್ನಿನಲ್ಲಿ ಕೂತು ಕಡತ ನೋಡುವವರಿಗೆ ಅವರು ಮೂರು ಜನ. ಇನ್ನು ಕೆಲವರು ಸರ್‌ನೇಮ್ ಜಾಗವನ್ನೇ ಖಾಲಿ ಬಿಟ್ಟು ಪಾಸ್‌ಪೋರ್ಟ್ ಮಾಡಿಸಿಬಿಡುತ್ತಾರೆ. ಆನ್‌ಲೈನ್ ಅರ್ಜಿ ಆ ಅಂಕಣ ತುಂಬದೆ ಮುಂದಕ್ಕೆ ಹೋಗುವುದಿಲ್ಲ. ಅಮೆರಿಕದ ವೀಸಾದಲ್ಲಂತೂ ಇರುವ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್ಎನ್‌ಯು’, ಅಂದರೆ ‘ಮೊದಲ ಹೆಸರು ತಿಳಿದಿಲ್ಲ’ ಅಂತ ಅಚ್ಚಾಗಿ ಬರುತ್ತದೆ.

ಇದಕ್ಕೆ ಏನು ಮಾಡಬೇಕು? ಪಾಸ್‌ಪೋರ್ಟಿನಲ್ಲಿರುವ ಹೆಸರನ್ನೇ ಎಲ್ಲ ಕಡೆ ಬಳಸಿ: ಅರ್ಜಿಯಲ್ಲಿ, ಇಂಗ್ಲಿಷ್ ಪರೀಕ್ಷೆಯಲ್ಲಿ, ಶಿಫಾರಸು ಪತ್ರದಲ್ಲಿ. ಹಳೆಯ ಅಂಕಪಟ್ಟಿಯ ಇನಿಷಿಯಲ್‌ಗೆ, ಇಬ್ಬರೂ ಒಬ್ಬರೇ ಎಂದು ಹೇಳುವ ಅಫಿಡವಿಟ್ ಒಂದನ್ನು ಇಂಗ್ಲಿಷಿನಲ್ಲಿ ನೋಟರಿ ಮಾಡಿಸಿ ಇಟ್ಟುಕೊಳ್ಳಿ. ಅಕ್ಷರವೇ ತಪ್ಪಾಗಿದ್ದರೆ, ಹುಟ್ಟಿದ ದಿನಾಂಕ ಬೇರೆಯಿದ್ದರೆ ಅಫಿಡವಿಟ್ ಸಾಲದು, ಮೂಲ ದಾಖಲೆಯೇ ತಿದ್ದುಪಡಿ ಆಗಬೇಕು. ಅದು ತಿಂಗಳುಗಟ್ಟಲೆ ಓಡಾಟ. ಅಂದಹಾಗೆ, ಹಳೆಯ ದಾಖಲೆಯಲ್ಲಿ ‘ಶಿಮೊಗ್ಗ’, ಹೊಸದರಲ್ಲಿ ‘ಶಿವಮೊಗ್ಗ’ ಅಂತಿದ್ದರೆ ಗಾಬರಿ ಬೇಡ. 2014ರ ನವೆಂಬರ್ 1ರಿಂದ ಸರ್ಕಾರವೇ ಬದಲಿಸಿದ ಹೆಸರು ಅದು, ಒಂದು ಸಾಲಿನ ವಿವರಣೆ ಸಾಕು.

ಎರಡನೆಯದು ಟ್ರಾನ್ಸ್‌ಕ್ರಿಪ್ಟ್. ಕೈಲಿರುವ ಆರು ಸೆಮಿಸ್ಟರಿನ ಅಂಕಪಟ್ಟಿಗಳನ್ನು ಸ್ಕ್ಯಾನ್ ಮಾಡಿ ಜೋಡಿಸಿದರೆ ಅದು ಟ್ರಾನ್ಸ್‌ಕ್ರಿಪ್ಟ್ ಆಗುವುದಿಲ್ಲ. ವಿಷಯವಾರು ಅಂಕ, ಕ್ರೆಡಿಟ್, ಅಂಕ ಕೊಡುವ ಪದ್ಧತಿಯ ವಿವರಣೆ ಎಲ್ಲವನ್ನೂ ಒಟ್ಟಿಗೆ ಸೇರಿಸಿ ವಿಶ್ವವಿದ್ಯಾಲಯವೇ ಮೊಹರು ಹಾಕಿ ಕೊಡುವ ಪತ್ರ ಅದು. ಕಾಲೇಜು ಶಿವಮೊಗ್ಗದಲ್ಲೇ ಇರಬಹುದು, ಪತ್ರ ಅಲ್ಲಿ ಸಿಗುವುದಿಲ್ಲ. ಬಿ.ಎ., ಬಿ.ಎಸ್ಸಿ.ಯವರು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಕ್ಕೆ, ಎಂಜಿನಿಯರಿಂಗ್‌ನವರು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ (ವಿಟಿಯು), ಕೃಷಿ ಪದವೀಧರರು ಇರುವಕ್ಕಿಯ ಕೆಳದಿ ಶಿವಪ್ಪ ನಾಯಕ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಬೇಕು. ಪರೀಕ್ಷೆ, ಮೌಲ್ಯಮಾಪನದ ದಿನಗಳಲ್ಲಿ ಹೋದರೆ ಕಾಯಬೇಕಾಗುತ್ತದೆ. ಒಂದಲ್ಲ, ಐದು ಪ್ರತಿ ಕೇಳಿ. ಜೊತೆಗೆ, ಬೋಧನೆ ಇಂಗ್ಲಿಷ್ ಮಾಧ್ಯಮದಲ್ಲಿತ್ತು ಎನ್ನುವ ಪತ್ರ ಮತ್ತು ನೀವು ಓದಿದ ವರ್ಷದ ಪಠ್ಯಕ್ರಮದ ಪ್ರತಿಯನ್ನೂ ಪಡೆಯಿರಿ. ಪಠ್ಯಕ್ರಮ ಯಾಕೆ ಅಂದರೆ, ಜರ್ಮನಿಯ ಹಲವು ವಿಭಾಗಗಳು ಯಾವ ವಿಷಯವನ್ನು ಎಷ್ಟು ಆಳಕ್ಕೆ ಓದಿದ್ದೀರಿ ಅಂತ ಅದನ್ನು ಇಟ್ಟುಕೊಂಡೇ ತೂಗುತ್ತವೆ.

ಜರ್ಮನಿಯ ಮಾತು ಬಂತಲ್ಲ, ಅಲ್ಲಿ 1 ಅತ್ಯುತ್ತಮ, 4 ಅಂದರೆ ಬರೀ ಪಾಸು. ನಮ್ಮ ಶೇಕಡವಾರನ್ನು ಅದಕ್ಕೆ ಇಳಿಸುವ ಸೂತ್ರ ಸುಲಭ. ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ, ಗರಿಷ್ಠದಿಂದ ಪಾಸು ಅಂಕ ಕಳೆಯಿರಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, 3ರಿಂದ ಗುಣಿಸಿ, 1 ಕೂಡಿಸಿ. 100ಕ್ಕೆ 70 ಬಂದು, ಪಾಸು ಅಂಕ 40 ಇದ್ದರೆ ಉತ್ತರ 2.5. ಪಾಸು ಅಂಕ 35 ಅಂತ ಹಾಕಿದರೆ 2.38. ಆದ್ದರಿಂದ ಪಾಸು ಅಂಕ ಎಷ್ಟು ಎನ್ನುವುದು ಟ್ರಾನ್ಸ್‌ಕ್ರಿಪ್ಟಿನಲ್ಲೇ ಅಚ್ಚಾಗಿರಬೇಕು.

ಇನ್ನು ಯಾವುದಕ್ಕೆ ಅರ್ಜಿ ಹಾಕುವುದು? ಬ್ರಿಟನ್ ಸರ್ಕಾರದ ಚೆವ್ನಿಂಗ್ ವಿದ್ಯಾರ್ಥಿವೇತನ ಒಂದು ವರ್ಷದ ಓದಿಗೆ. ಅದಕ್ಕೆ ಎರಡು ವರ್ಷದ ಕೆಲಸದ ಅನುಭವ, ಅಂದರೆ 2,800 ಗಂಟೆ ತೋರಿಸಬೇಕು. ಓದು ಮುಗಿದ ಮೇಲೆ ದೇಶಕ್ಕೆ ಮರಳಿ ಎರಡು ವರ್ಷ ಇಲ್ಲೇ ಇರಬೇಕು. ಜರ್ಮನಿಯ ಡಾಡ್ (ಡಿಎಎಡಿ) ಸಂಸ್ಥೆ ಅಭಿವೃದ್ಧಿ ಸಂಬಂಧಿತ ಓದಿಗೆ ಕೊಡುವ ಇಪಿಒಎಸ್ ವಿದ್ಯಾರ್ಥಿವೇತನಕ್ಕೂ ಎರಡು ವರ್ಷದ ಅನುಭವ ಬೇಕು, ಪದವಿ ಆರು ವರ್ಷಕ್ಕಿಂತ ಹಳೆಯದಾಗಿರಬಾರದು. ಹೊಸದಾಗಿ ಪದವಿ ಮುಗಿಸಿದವರಿಗೆ ಯುರೋಪಿನ ಎರಾಸ್ಮಸ್ ಮುಂಡಸ್ ವಾಸಿ. ಅನುಭವದ ಷರತ್ತು ಸಾಮಾನ್ಯವಾಗಿ ಇಲ್ಲ, ಕನಿಷ್ಠ ಎರಡು ದೇಶಗಳಲ್ಲಿ ಓದು, ತಿಂಗಳಿಗೆ 1,400 ಯೂರೋ. ಆದರೆ ವಿಮಾನದ ಟಿಕೆಟ್ಟೂ ಆ ಹಣದಲ್ಲೇ ಆಗಬೇಕು, ಅದೂ ಮೊದಲ ಕಂತು ಕೈಗೆ ಬರುವ ಮುಂಚೆ ನೀವೇ ಕೈಯಿಂದ ಹಾಕಿಕೊಂಡು. ಪರಿಶಿಷ್ಟ ಜಾತಿ, ಭೂಹೀನ ಕೃಷಿ ಕಾರ್ಮಿಕ, ಸಾಂಪ್ರದಾಯಿಕ ಕುಶಲಕರ್ಮಿ ಕುಟುಂಬದವರು ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ನೋಡಲೇಬೇಕು. ಚೆವ್ನಿಂಗ್ ಆಗಲಿ ಇವಾಗಲಿ ವಿದ್ಯಾರ್ಥಿವೇತನದ ಅರ್ಜಿಗೆ ಶುಲ್ಕ ಕೇಳುವುದಿಲ್ಲ. ‘ಸೀಟು ಮಾಡಿಸಿ ಕೊಡ್ತೀವಿ’ ಅಂತ ದುಡ್ಡು ಕೇಳಿದವರಿಗೆ ನಮಸ್ಕಾರ ಹೇಳಿ ಎದ್ದು ಬನ್ನಿ.

ಶಿಫಾರಸು ಪತ್ರದಲ್ಲಿ ಎಡವುವವರು ಬಹಳ. ‘ನೀನೇ ಬರ್ಕೊಂಡ್ ಬಾ, ಸೈನ್ ಹಾಕ್ತೀನಿ’ ಎನ್ನುವುದು ನಮ್ಮಲ್ಲಿ ಲಾಗಾಯ್ತಿನ ಪದ್ಧತಿ. ಹಾಗೆ ಮಾಡಿದರೆ ಎರಡು ಪತ್ರಗಳೂ ಒಂದೇ ಕೈಯ ಬರಹ ಅಂತ ಓದುವವರಿಗೆ ಕ್ಷಣದಲ್ಲಿ ತಿಳಿಯುತ್ತದೆ. ಅದರ ಬದಲು ಅಧ್ಯಾಪಕರಿಗೆ ಒಂದು ಪುಟದ ಟಿಪ್ಪಣಿ ಕೊಡಿ: ಅವರು ಕಲಿಸಿದ ಯಾವ ವಿಷಯ ಓದಿದಿರಿ, ಪ್ರಾಜೆಕ್ಟಿನಲ್ಲಿ ಏನು ಮಾಡಿದಿರಿ, ಏನು ಕೆಟ್ಟಿತು, ಹೇಗೆ ಸರಿಪಡಿಸಿದಿರಿ. ಕೆಲವು ಅರ್ಜಿಗಳು ಅಧ್ಯಾಪಕರ ಇಮೇಲಿಗೇ ಕೊಂಡಿ ಕಳಿಸುತ್ತವೆ, ಸಂಸ್ಥೆಯ ಇಮೇಲ್ ವಿಳಾಸವನ್ನೇ ಕೇಳುತ್ತವೆ. ಕಳಿಸಿದ ದಿನವೇ ಫೋನ್ ಮಾಡಿ, ಸ್ಪ್ಯಾಮ್‌ನಲ್ಲಿ ಹುಡುಕಲು ಹೇಳಿ. ಕೊನೆಯ ದಿನಾಂಕಕ್ಕೆ ಆರು ವಾರ ಮುಂಚೆ ಕೇಳಬೇಕು. ಹಬ್ಬದ ರಜೆ ಅಡ್ಡ ಬರುತ್ತದೆ, ಅಡಿಕೆಯ ಕೊನೇಕೊಯ್ಲೂ ಬರುತ್ತದೆ. ತೋಟವಿರುವ ಮೇಷ್ಟ್ರು ಆಗ ಫೋನಿಗೂ ಸಿಗುವುದಿಲ್ಲ.

ಪ್ರಬಂಧದ ಬಗ್ಗೆ ಒಂದೇ ಉದಾಹರಣೆ ಸಾಕು. ‘ಚಿಕ್ಕಂದಿನಿಂದಲೂ ಜನರ ಸೇವೆ ಮಾಡುವ ಹಂಬಲ ನನಗೆ’ ಎಂದು ಶುರುವಾಗುವ ಅರ್ಜಿಗಳು ರಾಶಿ ಬೀಳುತ್ತವೆ. ಸಾರ್ವಜನಿಕ ಆರೋಗ್ಯ ಓದಲು ಹೊರಟ ಸೊರಬದ ಹುಡುಗಿ ಹೀಗೆ ಬರೆದರೆ ನೋಡಿ: ‘ಮಂಗನ ಕಾಯಿಲೆ 1957ರಲ್ಲಿ ಪತ್ತೆಯಾದದ್ದು ನಮ್ಮ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವ ಉಣುಗು ಹತ್ತದಿರಲಿ ಎಂದು ಆರೋಗ್ಯ ಇಲಾಖೆ ಡೆಪಾ ತೈಲ ಹಂಚುತ್ತದೆ. ತರಗೆಲೆ ಗುಡಿಸಲು ಕಾಡಿಗೆ ಹೋಗುವ ಹೆಂಗಸರಲ್ಲಿ ಎಷ್ಟು ಜನ ಅದನ್ನು ದಿನವೂ ಹಚ್ಚುತ್ತಾರೆ, ಹಚ್ಚದವರು ಯಾಕೆ ಹಚ್ಚುವುದಿಲ್ಲ ಎಂದು ಅಳೆಯುವ ವಿಧಾನ ನನಗೆ ಗೊತ್ತಿಲ್ಲ. ನಿಮ್ಮ ಈ ಕೋರ್ಸಿನ ಈ ಪತ್ರಿಕೆ ಅದನ್ನು ಕಲಿಸುತ್ತದೆ.’ ಇಲ್ಲಿ ಊರಿದೆ, ಪ್ರಶ್ನೆಯಿದೆ, ಆ ಕೋರ್ಸೇ ಯಾಕೆ ಬೇಕು ಎನ್ನುವುದೂ ಇದೆ. ಕೋರ್ಸಿನ ಹೆಸರು ಬದಲಿಸಿ ಬೇರೆ ವಿಶ್ವವಿದ್ಯಾಲಯಕ್ಕೂ ಹಾಗೇ ಕಳಿಸಬಹುದು ಅನ್ನಿಸಿದರೆ, ಆ ಪ್ರಬಂಧ ಇನ್ನೂ ಬೆಂದಿಲ್ಲ ಅಂತ ತಿಳಿಯಿರಿ.

ಇಂಗ್ಲಿಷ್ ಪರೀಕ್ಷೆಗೆ ಈಗ ಬರೋಣ. ಐಇಎಲ್‌ಟಿಎಸ್ ಫಲಿತಾಂಶ ಎರಡೇ ವರ್ಷ ಊರ್ಜಿತ, ಬಹಳ ಮುಂಚೆ ಬರೆದರೆ ಅವಧಿ ಮುಗಿದುಹೋದೀತು. ಒಟ್ಟು ಬ್ಯಾಂಡ್, ಅಂದರೆ ಅಂಕ, ಚೆನ್ನಾಗಿದ್ದೂ ಬರವಣಿಗೆಯಲ್ಲಿ ಅರ್ಧ ಬ್ಯಾಂಡ್ ಕಡಿಮೆಯಾಗಿ ಸೋಲುವವರೇ ಜಾಸ್ತಿ. ಇರುವುದು 60 ನಿಮಿಷ. 250 ಪದದ ಎರಡನೇ ಪ್ರಶ್ನೆಗೆ ಮೊದಲನೆಯದರ ಎರಡರಷ್ಟು ತೂಕ. ಮೊದಲನೆಯದನ್ನು 20 ನಿಮಿಷಕ್ಕೆ ಬಿಟ್ಟುಬಿಡಿ.

ಕೊನೆಗೆ, ಗಡಿಯಾರ. ಕೊನೆಯ ದಿನ ಅಂದರೆ ನಮ್ಮ ನಡುರಾತ್ರಿ ಅಂದುಕೊಳ್ಳಬೇಡಿ. ಚೆವ್ನಿಂಗ್ ಇತ್ತೀಚಿನ ವರ್ಷಗಳಲ್ಲಿ ಮುಚ್ಚುತ್ತಿರುವುದು ಯುಟಿಸಿ, ಅಂದರೆ ಅಂತರರಾಷ್ಟ್ರೀಯ ಪ್ರಮಾಣಿತ ಸಮಯದ ಮಧ್ಯಾಹ್ನ 12ಕ್ಕೆ. ನಮಗೆ ಅದು ಸಂಜೆ ಐದೂವರೆ. ಆಗುಂಬೆ, ಹೊಸನಗರದ ಕಡೆ ಮಳೆ ಹಿಡಿದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಎರಡು ದಿನ ಮುಂಚೆಯೇ ಪೇಟೆಗೆ ಬಂದು ಕಳಿಸಿಬಿಡಿ. ಸಲ್ಲಿಕೆಯಾದ ಅರ್ಜಿಯ ಪಿಡಿಎಫ್ ಇಳಿಸಿಕೊಂಡು ಒಂದು ಪ್ರತಿ ಮುದ್ರಿಸಿ ಇಡಿ. ನಾಲ್ಕೈದು ತಿಂಗಳ ಮೇಲೆ ಸಂದರ್ಶನಕ್ಕೆ ಕರೆದಾಗ ಅವರು ಪ್ರಶ್ನೆ ಕೇಳುವುದು ಆ ಪುಟಗಳನ್ನೇ ಮುಂದಿಟ್ಟುಕೊಂಡು.

ನಮಸ್ಕಾರ.