ಓದಬಹುದು, ಆದರೆ ಅಚ್ಚು ಹಾಕುವ ಹಾಗಿಲ್ಲ

ಇಪ್ಪತ್ತು ವರ್ಷದ ಹಿಂದೆ ಅಮೆರಿಕದ ಲೈಬ್ರರಿಗಳಲ್ಲಿ ಒಂದು ವಿಚಿತ್ರ ಪರಿಸ್ಥಿತಿ ಇತ್ತು. ಕಾದಂಬರಿಕಾರ್ತಿ ವಿಲ್ಲಾ ಕ್ಯಾದರ್ ಬರೆದ ಕಾಗದಗಳನ್ನು ನೋಡಬೇಕಾ? ಬನ್ನಿ, ಕೂತ್ಕೊಳ್ಳಿ, ಓದಿ. ಆದರೆ ಅದರಲ್ಲಿರುವ ಒಂದು ಸಾಲನ್ನೂ ಹಾಗೇ ಎತ್ತಿ ನಿಮ್ಮ ಪುಸ್ತಕದಲ್ಲಿ ಅಚ್ಚು ಹಾಕಿಸುವ ಹಾಗಿಲ್ಲ.

ಯಾಕೆ ಅಂದ್ರೆ, ಆಕೆ ಉಯಿಲಿನಲ್ಲೇ ಹಾಗೆ ಬರೆದಿಟ್ಟಿದ್ದರು. ಕಾಗದಗಳನ್ನು ಪೂರ್ತಿಯಾಗಲಿ, ತುಂಡಾಗಲಿ ಪ್ರಕಟಿಸಬಾರದು. ಕಾದಂಬರಿಗಳನ್ನು ಸಿನಿಮಾ, ನಾಟಕ ಮಾಡಬಾರದು. 1947ರಲ್ಲಿ ಆಕೆ ತೀರಿಕೊಂಡರು. ಅವರ ಜೊತೆ ಸುಮಾರು ನಲವತ್ತು ವರ್ಷ ಬಾಳಿದ ಈಡಿತ್ ಲೂಯಿಸ್ ಆ ಮಾತನ್ನು ಗಟ್ಟಿಯಾಗಿ ಹಿಡಿದು ನಡೆಸಿದರು. ಮುಂದೆ ಜವಾಬ್ದಾರಿ ಹೊತ್ತವರೂ ಅದೇ ದಾರಿ ಹಿಡಿದರು.

ಇಲ್ಲೊಂದು ಕಾನೂನಿನ ತಿರುವು ಇದೆ. ನಾನು ನಿಮಗೆ ಕಾಗದ ಬರೆದರೆ ಆ ಹಾಳೆ ನಿಮ್ಮದು. ಮಾರಬಹುದು, ಲೈಬ್ರರಿಗೆ ಕೊಡಬಹುದು, ಒಲೆಗೂ ಹಾಕಬಹುದು. ಆದರೆ ಅದರ ಮೇಲಿನ ಮಾತು ನನ್ನದು. ಕ್ಯಾದರ್ ಕಾಗದಗಳು ತಮ್ಮಂದಿರ ಮನೆಯಲ್ಲಿ, ಗೆಳತಿಯರ ಪೆಟ್ಟಿಗೆಯಲ್ಲಿ, ಪ್ರಕಾಶಕರ ಕಡತದಲ್ಲಿ ಉಳಿದುಕೊಂಡವು. ಎಲ್ಲಾ ಸುಟ್ಟುಹಾಕಿದ್ದಾರಂತೆ ಅನ್ನೋ ಮಾತು ಬಹಳ ಕಾಲ ಓಡಾಡುತ್ತಿತ್ತು. ಹುಡುಕಿದರೆ ಸಿಕ್ಕಿದ್ದು ಸುಮಾರು 3,000!

ಹಾಗಾದ್ರೆ ಸಂಶೋಧಕರು ಏನು ಮಾಡಿದರು? ಕಾಗದ ಓದಿ, ಅದರ ಸಾರವನ್ನು ತಮ್ಮ ಮಾತಿನಲ್ಲಿ ಬರೆದರು. 2002ರಲ್ಲಿ ಜಾನಿಸ್ ಸ್ಟೌಟ್ ಅನ್ನುವವರು ಒಂದು ಇಡೀ ಪುಸ್ತಕವನ್ನೇ ಹೀಗೆ ಮಾಡಿದರು. ಯಾವ ಕಾಗದ, ಯಾರಿಗೆ, ಯಾವತ್ತು, ಒಳಗೆ ಏನಿದೆ, ಎಲ್ಲಾ ಇತ್ತು. ಆಕೆಯ ಮಾತು ಮಾತ್ರ ಇರಲಿಲ್ಲ.

ಇದರ ಕಷ್ಟ ಏನು ಗೊತ್ತಾ? ನಮ್ಮಜ್ಜಿ ಮಧ್ಯಾಹ್ನ ಬೀದಿಗೆ ಕೇಳೋ ಹಾಗೆ, 'ಏ ಮುಂಡೇದೇ, ಅನ್ನ ಆರ್ತಾ ಇದೆ, ಬಂದು ಸಾಯಿ' ಅಂತ ಕೂಗುತ್ತಿದ್ದರು. ಅದನ್ನು 'ಅಜ್ಜಿಯವರು ಮೊಮ್ಮಗನನ್ನು ಊಟಕ್ಕೆ ಕರೆದರು' ಅಂತ ಬರೆದರೆ ಸುಳ್ಳೇನಲ್ಲ. ಆದರೆ ಅಜ್ಜಿ ಅಲ್ಲಿ ಇದ್ದಾರಾ? ಕ್ಯಾದರ್‌ಗೂ ಆಗಿದ್ದು ಇದೇ. ಒಂದೊಂದು ಶಬ್ದವನ್ನೂ ತೂಗಿ ಇಡುತ್ತಿದ್ದ ಹೆಂಗಸು. ತಮ್ಮ ಮಾತು ಹಾಳಾಗಬಾರದು ಅಂತ ಬಾಗಿಲು ಹಾಕಿದರು. ಕೊನೆಗೆ ಊರವರೆಲ್ಲ ಅವರ ಮಾತನ್ನು ತಮ್ಮ ಬಾಯಲ್ಲಿ ಹೇಳುವ ಹಾಗಾಯಿತು.

2011ರಲ್ಲಿ ಅವರ ತಮ್ಮನ ಮಗ, ಉಯಿಲನ್ನು ಕಾಯುತ್ತಿದ್ದ ಕೊನೆಯವರು, ತೀರಿಕೊಂಡರು. ಹಕ್ಕು ಬೇರೆಯವರ ಕೈಗೆ ಬಂತು, ಒಪ್ಪಿಗೆ ಸಿಕ್ಕಿತು. 2013ರಲ್ಲಿ ಆಂಡ್ರ್ಯೂ ಜ್ಯುವೆಲ್ ಮತ್ತು ಅದೇ ಸ್ಟೌಟ್ ಸೇರಿ ಆಯ್ದ ಕಾಗದಗಳ ಪುಸ್ತಕ ತಂದರು. ಮುನ್ನುಡಿಯಲ್ಲಿ ಮುಚ್ಚುಮರೆ ಮಾಡಲಿಲ್ಲ. ಈ ಪುಸ್ತಕ ಬರಬಾರದು ಅಂತ ಆಕೆ ಕೈಲಾದದ್ದೆಲ್ಲ ಮಾಡಿದ್ದರು ಅಂತಲೇ ಶುರು ಮಾಡಿದರು.

'ಸತ್ತವರ ಮಾತಿಗೆ ಬೆಲೆ ಬೇಡವಾ?' ಅಂತ ಗದ್ದಲ ಆಯಿತು. ಮೊದಮೊದಲು ನನಗೂ ಹಾಗೇ ಅನ್ನಿಸಿತ್ತು. ಮನಸ್ಸು ಬದಲಾಗಿದ್ದು ಒಂದು ಸಂಗತಿ ಗೊತ್ತಾದ ಮೇಲೆ.

ಕ್ಯಾದರ್ ಅವರ ದೊಡ್ಡಪ್ಪನ ಮಗ ಒಬ್ಬ ಇದ್ದ, ಅಮೆರಿಕದ ನೆಬ್ರಾಸ್ಕ ರಾಜ್ಯದ ರೈತನ ಮನೆಯವನು. ಮೊದಲ ಮಹಾಯುದ್ಧದಲ್ಲಿ, 1918ರ ಮೇ ತಿಂಗಳಲ್ಲಿ, ಫ್ರಾನ್ಸಿನ ಕಾಂತಿನ್ಯಿ ಊರಿನ ಕಾಳಗದಲ್ಲಿ ಸತ್ತ. ಅದೇ ವರ್ಷ ಕ್ಯಾದರ್ ಊರಿಗೆ ಹೋದಾಗ, ಅವನು ರಣರಂಗದಿಂದ ತಾಯಿಗೆ ಬರೆದಿದ್ದ ಕಾಗದಗಳನ್ನು ಕೂತು ಓದಿದರು. ಅದರಿಂದ ಹುಟ್ಟಿದ ಕಾದಂಬರಿ 'ಒನ್ ಆಫ್ ಅವರ್ಸ್' 1922ರಲ್ಲಿ ಬಂತು. ಮರುವರ್ಷ ಪುಲಿಟ್ಜರ್ ಪ್ರಶಸ್ತಿ!

ಅಲ್ಲ, ಮಗ ತಾಯಿಗೆ ಬರೆದ ಕಾಗದ ಖಾಸಗಿ ಅಲ್ವಾ? ನಾಳೆ ಇದನ್ನು ಲೋಕವೇ ಓದುತ್ತದೆ ಅಂತ ಆ ಹುಡುಗ ಅಂದುಕೊಂಡಿರಲಿಕ್ಕಿಲ್ಲ. ಕಾಗದವೊಂದು ಏನು ಮಾಡಬಲ್ಲದು ಅಂತ ಕ್ಯಾದರ್‌ಗೆ ಗೊತ್ತಿದ್ದಷ್ಟು ಯಾರಿಗೂ ಗೊತ್ತಿರಲಿಲ್ಲ ಅನ್ನಿ. ಬಹುಶಃ ಅದಕ್ಕೇ ತಮ್ಮದಕ್ಕೆ ಬೀಗ ಹಾಕಿದರೇನೋ.

ಇನ್ನೊಂದು ತಮಾಷೆ. ಆ ಕಾದಂಬರಿಯ ಯುದ್ಧದ ಭಾಗ ಸಿನಿಮಾ ನೋಡಿ ಬರೆದದ್ದು ಅಂತ ಅಮೆರಿಕದ ಇನ್ನೊಬ್ಬ ಕಾದಂಬರಿಕಾರ ಹೆಮಿಂಗ್ವೇ ಗೇಲಿ ಮಾಡಿದ್ದ. ಎಲ್ಲಿ? ಒಬ್ಬ ವಿಮರ್ಶಕನಿಗೆ ಬರೆದ ಖಾಸಗಿ ಕಾಗದದಲ್ಲಿ. ತನ್ನ ಕಾಗದ ಪ್ರಕಟಿಸಬೇಡಿ ಅಂತ 1958ರಲ್ಲಿ ಅವನೂ ಬರೆದಿಟ್ಟ. 1981ರಲ್ಲಿ ಅದೂ ಪುಸ್ತಕವಾಗಿ ಬಂತು.

ಪ್ರಕಟಿಸಿದ್ದು ಸರಿ ಅಂತಲೇ ನನ್ನ ಲೆಕ್ಕ. ಕದ್ದು ಓದಿದ್ದರೆ ಮಾತು ಬೇರೆ. ಇಲ್ಲಿ ಎಲ್ಲರೂ ಓದಿಯಾಗಿತ್ತು, ಬಾಯಿ ಕಟ್ಟಿದ್ದು ಆಕೆಗೊಬ್ಬರಿಗೇ. ಮತ್ತೆ ಎಷ್ಟು ದಿನ ತಡೆಯೋದು? ಅಮೆರಿಕದ ಕಾನೂನಿನಲ್ಲಿ ಪ್ರಕಟವಾಗದ ಬರಹಕ್ಕೆ ಲೇಖಕರು ಸತ್ತು 70 ವರ್ಷ ಹಕ್ಕು ಇರುತ್ತದೆ. 2017ಕ್ಕೆ ಅದು ಮುಗಿಯಿತು. 2018ರ ಜನವರಿಯಿಂದ ನೆಬ್ರಾಸ್ಕ ವಿಶ್ವವಿದ್ಯಾಲಯದವರು ಕಾಗದಗಳನ್ನೆಲ್ಲ ಒಂದೊಂದಾಗಿ ಇಂಟರ್ನೆಟ್‌ಗೆ ಹಾಕುತ್ತಾ ಬಂದರು. ಬಿಟ್ಟಿಯಾಗಿ.

ಒಂದು ಮಾತ್ರ ಯಾರ ಕೈಗೂ ಪೂರ್ತಿ ಸಿಗಲಿಲ್ಲ. ಆಕೆ ಸಾಯುವ ಹೊತ್ತಿಗೆ ಫ್ರಾನ್ಸಿನ ಆವಿನ್ಯೋಂ ಊರಿನ ಹಳೆಯ ಕಾಲದ ಕತೆಯೊಂದನ್ನು ಅರ್ಧ ಬರೆದಿದ್ದರು. ಅದನ್ನು ನಾಶ ಮಾಡು ಅಂತ ಈಡಿತ್‌ಗೆ ಹೇಳಿದ್ದರು. ಈಡಿತ್ ಉಯಿಲು, ವಕೀಲರು ಅಂತ ಏನೂ ಕಾಯಲಿಲ್ಲ. ಹೇಳಿದಷ್ಟು ಮಾಡಿದರು. ಹೇಗೋ ತಪ್ಪಿಸಿಕೊಂಡ ಕೆಲವೇ ಹಾಳೆ ಈಗ ಉಳಿದಿವೆ.