ಹೆದರಿಕೆ ಅಲ್ಲ ಸ್ವಾಮಿ, ಬಸ್ಸೇ ಇಲ್ಲ

ನಮಸ್ಕಾರ ಎಲ್ಲರಿಗೂ. ಇವತ್ತು ಬೇರೆ ವಿಷಯ ಇಟ್ಟುಕೊಂಡಿದ್ದೆ. ಆದರೆ ಹೋದ ಸಂಚಿಕೆಗೆ ಬಂದ ಒಂದು ಕಾಮೆಂಟ್ ತಲೆ ಕೆಡಿಸಿಬಿಟ್ಟಿದೆ. "ಡ್ರೈವರ್ ಇಲ್ಲದ ಬಸ್ಸು ಸಿಟಿಗೆ ಸರಿ, ಹಳ್ಳಿ ಜನ ಹೆದರ್ತಾರೆ, ಹತ್ತೋದಿಲ್ಲ." ಕೊನೆಗೆ ನಗುವ ಎಮೋಜಿ ಬೇರೆ.

ಹೆದರಿಕೆ ಅಲ್ಲ ಸ್ವಾಮಿ. ಸಣ್ಣ ಊರಿನವರಿಗೆ ಮೊದಲು ಬೇಕಾಗಿರುವುದು ಬಸ್ಸು. ಸ್ಟೇರಿಂಗ್ ಹಿಡಿದಿರುವುದು ಯಾರು ಅನ್ನುವುದು ಆಮೇಲಿನ ಮಾತು.

ಜಪಾನಿನಲ್ಲಿ ಸಕಾಯಿ ಅಂತ ಒಂದು ಪಟ್ಟಣ ಇದೆ. ಊರಲ್ಲಿ ರೈಲ್ವೆ ಸ್ಟೇಷನ್ನೇ ಇಲ್ಲ. 2020ರ ನವೆಂಬರ್‌ನಲ್ಲಿ ಅಲ್ಲಿ ತಾನೇ ಓಡುವ ಪುಟ್ಟ ಬಸ್ಸು ಶುರುವಾಯಿತು. ವೇಗ ಗಂಟೆಗೆ 20 ಕಿಲೋಮೀಟರ್ ಒಳಗೆ. ಹಿಂದೆ ಸಿಕ್ಕಿಹಾಕಿಕೊಂಡ ಕಾರಿನವರಿಗೆ ಸಿಟ್ಟು ಬರಬಹುದು. ಒಳಗೆ ಕೂತವರಿಗೆ ಹೆದರಿಕೆ ಎಲ್ಲಿಂದ ಬರಬೇಕು?

ಅದೇ ದೇಶದ ಐಹೈಜಿ ಪಟ್ಟಣದ ಕಥೆ ಇನ್ನೂ ಚೆನ್ನಾಗಿದೆ. ಹಳೇ ರೈಲು ಹಳಿ ಇದ್ದ ಜಾಗ, ಸುಮಾರು 2 ಕಿಲೋಮೀಟರ್ ದಾರಿ. ಗಾಲ್ಫ್ ಮೈದಾನದಲ್ಲಿ ಓಡಾಡುವಂಥ 7 ಸೀಟಿನ ಗಾಡಿ. ನೆಲದಲ್ಲಿ ಹೂತಿಟ್ಟ ತಂತಿಯ ಜಾಡು ಹಿಡಿದು ಗಂಟೆಗೆ 12 ಕಿಲೋಮೀಟರ್‌ನಲ್ಲಿ ಹೋಗುತ್ತದೆ. 2023ರ ಮೇ ತಿಂಗಳಿಂದ ಡ್ರೈವರ್ ಇಲ್ಲದೆಯೇ ಓಡಿತು. ಅಕ್ಟೋಬರ್‌ನಲ್ಲಿ ಒಂದು ಸೈಕಲ್ಲಿಗೆ ತಾಗಿತು. ತಕ್ಷಣ ನಿಲ್ಲಿಸಿದರು, ಸರಿಮಾಡಿದರು, 2024ರ ಮಾರ್ಚ್‌ನಲ್ಲಿ ಮತ್ತೆ ಬಿಟ್ಟರು. "ನೋಡಿ, ಡಿಕ್ಕಿ ಹೊಡೀತು!" ಅಂತ ಯಾರೋ ಕುಣಿಯುತ್ತಾರೆ, ಗೊತ್ತು. ಡ್ರೈವರ್ ಇರುವ ಬಸ್ಸು ಯಾವತ್ತೂ ಯಾವುದಕ್ಕೂ ತಾಗಿಯೇ ಇಲ್ಲ, ಅಲ್ವಾ?

ಈ ಮಧ್ಯೆ, ಚಾನೆಲ್ ಸಬ್‌ಸ್ಕ್ರೈಬ್ ಮಾಡಿ. ಆ ಕಾಮೆಂಟ್ ಹಾಕಿದವರೂ ಇನ್ನೂ ಮಾಡಿಲ್ಲ, ನೋಡಿದ್ದೇನೆ.

ಈಗ ಸ್ಕಾಟ್ಲೆಂಡ್. ಫೈಫ್ ಕಡೆಯಿಂದ ಫೋರ್ತ್ ರಸ್ತೆ ಸೇತುವೆ ದಾಟಿ ಎಡಿನ್‌ಬರೋ ಕಡೆಗೆ 2023ರಲ್ಲಿ ಪೂರ್ತಿ ಅಳತೆಯ ಸ್ವಯಂಚಾಲಿತ ಬಸ್ಸು ಬಿಟ್ಟರು. ಸುರಕ್ಷತೆಗೆ ಅಂತ ಒಬ್ಬ ಡ್ರೈವರ್, ಪ್ರಯಾಣಿಕರನ್ನು ನೋಡಿಕೊಳ್ಳಲು ಇನ್ನೊಬ್ಬರು. ಅಂದರೆ ಡ್ರೈವರ್ ಬೇಡದ ಬಸ್ಸಿಗೆ ಇಬ್ಬರು ಆಳು! 2025ರ ಫೆಬ್ರವರಿಯಲ್ಲಿ ನಿಲ್ಲಿಸಿದರು. ಅಪಘಾತವಾಗಿ ಅಲ್ಲ, ಸಾಕಷ್ಟು ಜನ ಹತ್ತಲಿಲ್ಲ ಅಂತ. "ಅದೇ ಹೆದರಿಕೆ" ಅನ್ನಬೇಡಿ. ಮುಂದೆ ಡ್ರೈವರ್ ಕೂತೇ ಇದ್ದ! ಜನರಿಗೆ ಬೇಕಾದ ಕಡೆಗೆ, ಬೇಕಾದ ಹೊತ್ತಿಗೆ ಹೋಗದ ಬಸ್ಸನ್ನು ದೇವರೇ ಓಡಿಸಿದರೂ ಖಾಲಿ ಓಡುತ್ತದೆ.

"ವಯಸ್ಸಾದವರು ಒಪ್ಪಲ್ಲ" ಅಂತ ಇನ್ನೊಂದು ರಾಗ. ಕಣ್ಣು ಮಂಜಾಗಿ ಕಾರು ಬಿಟ್ಟವರು, ಆಸ್ಪತ್ರೆಗೆ ಹೋಗಲು ಮಗನ ರಜಕ್ಕೆ ಕಾಯುವವರು ಅವರೇ. ಅವರನ್ನು ಕೂರಿಸಿಕೊಂಡು "ಯಂತ್ರದ ಮೇಲೆ ನಂಬಿಕೆ ಇದೆಯಾ" ಅಂತ ಕೇಳುತ್ತೀರಿ. ಸಂಜೆ ಆರರ ಮೇಲೆ ಬಸ್ಸು ಬೇಕಾ ಅಂತ ಕೇಳಿ! ಹಾಗೆ ಯಾರೂ ಕೇಳಲ್ಲ. ಕೇಳಿದರೆ ಬಸ್ಸು ಬಿಡಬೇಕಾಗುತ್ತದಲ್ಲ.

ಡ್ರೈವರ್‌ಗಳ ಕೆಲಸದ ಕಥೆ ಏನು ಅಂತೀರಾ? ಅದಕ್ಕೆ ಇನ್ನೊಂದು ಸಂಚಿಕೆ ಮಾಡುತ್ತೇನೆ, ಗಂಟೆ ಗುರುತು ಒತ್ತಿಡಿ. ಇವತ್ತು ಆಗಲ್ಲ, ಸಿಟ್ಟು ಇನ್ನೂ ಇಳಿದಿಲ್ಲ. ಹೆದರ್ತಾರಂತೆ! ಬಸ್ಸೇ ಬರದ ಸ್ಟಾಪಿನಲ್ಲಿ ನಿಂತು ಯಾರಿಗೆ ರೀ ಹೆದರಬೇಕು? ಆ ಎಮೋಜಿ ಮೊದಲು ಡಿಲೀಟ್ ಮಾಡಿ.